ಪಾಲುಗಲ್ಲಿನ ದಿಕ್ಕು

ಬೇಟೆಗಾರರಿಗೆಂದೇ ಮಾಡಿದ ಯಂತ್ರವನ್ನು ನಾನು ಕೊಂಡದ್ದು, ಬೇಟೆ ನಿಂತು ಸುಮಾರು ಮೂರು ದಶಕಗಳಾದ ಮೇಲೆ. ಕೀನ್ಯಾದಲ್ಲಿ ಬೇಟೆ ನಿಷೇಧವಾದಾಗ ನಾನೂ ಭಾವನೂ ಕೋವಿಗಳನ್ನು ಒಪ್ಪಿಸಿ ಬಂದವರು ನಾವು ಬೇಟೆಯಾಡುತ್ತಿದ್ದ ಕಾಡಿಗೆ ಮತ್ತೆ ಕಾಲಿಟ್ಟಿರಲಿಲ್ಲ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಗರದ ಪಂಗಾನಿ ಬಡಾವಣೆಯ ಹಳೆಯ ಫ್ಲಾಟೊಂದರಲ್ಲಿ ಒಬ್ಬರೇ ಇದ್ದರು. ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಅವರು ಕೇಳಿದ್ದು ಒಂದೇ: ಪಾಲುಗಲ್ಲಿನ ಮೇಲೆ ಇನ್ನೊಮ್ಮೆ ಕೈಯಿಡಬೇಕು.

ಅಬರ್ಡೇರ್ ಬೆಟ್ಟದ ಬಿದಿರುಕಾಡಿನ ನಡುವೆ, ಹೊಳೆಯ ಪಕ್ಕದಲ್ಲಿದ್ದ ಒಂದು ಚಪ್ಪಟೆ ಬಂಡೆ ಅದು. ನಮ್ಮೂರ ಕಡೆಯ ಕರಾವಳಿಯಿಂದ ನಾವು ತಂದ ಕ್ರಮದಂತೆ ಹೊಡೆದ ಹಂದಿಯನ್ನು ಅದರ ಮೇಲೆ ಪಾಲು ಹಾಕುತ್ತಿದ್ದೆವು. ಬಂದವರಿಗೆಲ್ಲ ಒಂದೊಂದು ಪಾಲು, ಕೋವಿಗೊಂದು, ನಾಯಿಗೊಂದು. ಪಕ್ಷಪಾತ ಬಾರದಂತೆ ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು, "ಇದು ಯಾರಿಗೆ?" ಎಂದು ಕೇಳಿದಾಗ ಹೆಸರು ಹೇಳಬೇಕು. ಬೆನ್ನು ತಿರುಗಿಸಿ ನಿಲ್ಲುತ್ತಿದ್ದವರು ಯಾವಾಗಲೂ ಭಾವ.

ಸಿರಿವಂತರ ಬಡಾವಣೆ ಲ್ಯಾವಿಂಗ್ಟನ್ನಿನಲ್ಲಿರುವ ಅವರ ಮಗಳು ಮೊದಲೇ ತೀರ್ಪು ಕೊಟ್ಟಳು. "ದಟ್ ಫಾರೆಸ್ಟ್ ಈಸ್ ಗಾನ್, ಮಾಮ. ಎಲ್ರೂ ಹೇಳ್ತಾರೆ. ಡ್ಯಾಡಿಗೆ ಕಣ್ಣು ಬೇರೆ ಕಾಣೋದಿಲ್ಲ."

"ಎಲ್ರೂ ಅಂದ್ರೆ ಯಾರು? ಹೋಗಿ ನೋಡಿ ಬಂದವನ ಹೆಸರು ಹೇಳು," ಎಂದೆ. ಕಣ್ಣಾರೆ ಕಾಣದ್ದನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಶಾಲೆ ಬೇಗ ಬಿಟ್ಟವನು ನಾನು. ಓದಿ ಕಲಿತದ್ದೆಲ್ಲ ಅಂಗಡಿಯ ಗಲ್ಲೆಯ ಹಿಂದೆ ಕೂತು, ಒಂದೊಂದು ಪುಟದೊಡನೆ ಜಗಳವಾಡಿ. ಭಾವನ ಹತ್ತಿರ ಹಳೆಯ ಸರ್ವೆ ನಕ್ಷೆಯೊಂದಿತ್ತು, ಅದರಲ್ಲಿ ಕಲ್ಲಿನ ಜಾಗಕ್ಕೆ ಪೆನ್ಸಿಲಿನ ಗುರುತಿತ್ತು. ಆದರೆ ದಾರಿ ಅಳಿಸಿಹೋದ ಬಿದಿರಿನೊಳಗೆ ಕಣ್ಣು ಕಾಣದವರನ್ನು ಕರೆದೊಯ್ದು, ಬೆಳಕಿರುವಾಗಲೇ ಹೊರಗೆ ತರಬೇಕಿದ್ದರೆ ಜಿಪಿಎಸ್ ಯಂತ್ರ ಬೇಕೇ ಬೇಕಿತ್ತು.

ನಗರದ ನಡುವಿನ ಸಿಬಿಡಿಯ ಅಂಗಡಿಯಲ್ಲಿ ಮೂರು ಸಿಕ್ಕವು. ಬಣ್ಣದ ಪರದೆಯದು ನನ್ನ ಕೈಗೆ ಎಟುಕುವಂತಿರಲಿಲ್ಲ. ಎರಡನೆಯದು ಅಂಗೈಯಷ್ಟೇ ಗಾತ್ರದ ಹೊಸದು, ಅಗ್ಗ. ಮೂರನೆಯದು ಊರು ಬಿಟ್ಟುಹೋದ ಯಾರೋ ಇಂಜಿನಿಯರ್ ಮಾರಿದ್ದು. ಇಟ್ಟಿಗೆಯಂತೆ ದಪ್ಪ, ತಲೆಯ ಮೇಲೆ ಮೋಟು ಆಂಟೆನಾ.

"ಯಾವುದಾದರೂ ಒಂದೇ, ಮ್ಜೇ," ಎಂದ ಅಂಗಡಿಯವನು, ಹಿರಿಯರನ್ನು ಕರೆಯುವ ಸ್ವಾಹಿಲಿ ಗೌರವದಲ್ಲಿ. "ಉಪಗ್ರಹ ಎಲ್ಲಕ್ಕೂ ಅದೇ ತಾನೆ?"

ಉಪಗ್ರಹ ಅದೇ, ನಡುವಿನ ಎಲೆಗಳನ್ನು ದಾಟಿ ಅದನ್ನು ಹಿಡಿಯುವ ಶಕ್ತಿ ಬೇರೆ ಬೇರೆ ಎಂದು ನಾನು ಪತ್ರಿಕೆಗಳಲ್ಲಿ ಓದಿದ್ದೆ, ಅದನ್ನೂ ನಂಬಿರಲಿಲ್ಲ. ಹಣ ಅಡವಿಟ್ಟು ಅಗ್ಗದವೆರಡನ್ನೂ ಸಿಟಿ ಪಾರ್ಕಿಗೆ ಒಯ್ದೆ. ಪಂಗಾನಿಯಿಂದ ಭಾವನನ್ನೂ ಕರೆತಂದೆ. ಅಲ್ಲಿ ಹಳೆಯ ಕಾಡಿನ ತುಂಡೊಂದು ಇನ್ನೂ ಉಳಿದಿದೆ. ದಟ್ಟ ಮರಗಳ ಕೆಳಗೆ ಎರಡನ್ನೂ ಎತ್ತಿ ಹಿಡಿದು ನಿಂತೆ. ಮೇಲಿನಿಂದ ಮಂಗಗಳು ನೋಡುತ್ತಿದ್ದವು.

"ಎಂತ ಹೇಳ್ತದೆ ನಿನ್ನ ಹೊಸ ನಾಯಿ?" ಎಂದು ಭಾವ ಬೆಂಚಿನಿಂದ ಕೂಗಿದರು.

"ವಾಸನೆ ಸಿಗ್ಲಿಲ್ಲವಂತೆ, ಭಾವ. ಬಯಲಿನಲ್ಲಿ ಮಾತ್ರ ಜೋರು."

"ಮುದಿ ನಾಯಿ?"

"ನಿಧಾನ. ಆದ್ರೆ ತಲೆ ಮೇಲೆ ಮಾಡಿ ನೆಟ್ಟಗೆ ಹಿಡಿದ್ರೆ ಬಿಡುವುದಿಲ್ಲ."

"ಅದನ್ನೇ ತೆಗೊ ಮಾರಾಯ. ಮುದುಕರಿಗೆ ಮುದುಕರೇ ಸರಿ. ಆದ್ರೆ ನಾಯಿಯ ಪಾಲು ಕೊಡ್ಲಿಕ್ಕುಂಟು, ಮರೀಬೇಡ."

ಕೊಂಕಣಿಯಲ್ಲಿ ಆಡಿದ ಮಾತಿದು. ಕನ್ನಡಕ್ಕೆ ಬಂದಾಗ ಖಾರ ಸ್ವಲ್ಪ ಇಳಿದಿದೆ.

ಸ್ಕೇಲಿಟ್ಟು ನಕ್ಷೆಯಿಂದ ಕಲ್ಲಿನ ಜಾಗದ ಅಂಕಿ ತೆಗೆದು ಯಂತ್ರಕ್ಕೆ ಒತ್ತಿದೆ. ಭಾವನ ಮಗಳು ಗೊಣಗುತ್ತಲೇ ಕಾರು ತಂದಳು. ಅನುಮತಿ ಪಡೆದು, ಕಾವಲುಗಾರನೊಬ್ಬನನ್ನು ಜೊತೆಮಾಡಿಕೊಂಡು ಬಿದಿರಿನೊಳಗೆ ಹೊಕ್ಕೆವು. ಕಾಡು ಎಲ್ಲಿಗೂ ಹೋಗಿರಲಿಲ್ಲ. ಭಾವ ನನ್ನ ಮೊಣಕೈ ಹಿಡಿದು, ಒದ್ದೆ ಎಲೆಗಳನ್ನು ಮುಖಕ್ಕೆ ತಾಗಿಸಿಕೊಳ್ಳುತ್ತ, ಆಗಾಗ ನಿಂತು ಮೂಗರಳಿಸುತ್ತ ನಡೆದರು. ತಲುಪಿದೆವೆಂದು ಯಂತ್ರ ಸದ್ದುಮಾಡಿತು. ಸುತ್ತ ಬಿದಿರು, ಆನೆ ತುಳಿದ ಕೆಸರು. ಕಲ್ಲಿಲ್ಲ.

"ಇಲ್ಲಿ ಅಲ್ಲ," ಎಂದರು ಭಾವ. "ಇಲ್ಲಿ ಹೊಳೆಯ ಸದ್ದು ಸಣ್ಣದು. ಕಲ್ಲಿನ ಹತ್ತಿರ ನಮ್ಮ ಮಾತು ನಮಗೇ ಕೇಳ್ತಿರ್ಲಿಲ್ಲ."

ಸುತ್ತಮುತ್ತ ತಡಕಾಡಿದೆವು. ಮಂಜು ಇಳಿಯತೊಡಗಿತು. "ಟ್ವೆಂಡೆ, ಮ್ಜೇ," ಹೊರಡೋಣ, ಎಂದ ಕಾವಲುಗಾರ. ಮಗಳು ತಾನು ಮೊದಲೇ ಹೇಳಿದ್ದನ್ನು ನೆನಪಿಸಲಿಲ್ಲ. ಅದು ಅವಳ ದೊಡ್ಡತನ. ಬಿದ್ದ ಮರವೊಂದರ ಮೇಲೆ ಬುತ್ತಿ ಬಿಚ್ಚಿದೆ. ಭಾವ ಎದ್ದು ನಿಂತರು.

"ಪಾಲು ಹಾಕು. ನಾನು ಈಗ ಬೆನ್ನು ತಿರುಗಿಸ್ಬೇಕಂತ ಇಲ್ಲ."

"ಇದು ಯಾರಿಗೆ?" ಎಂದೆ. ಹೇಳಿದರು: ಮಗಳಿಗೆ. ಇದು? ಕಾವಲುಗಾರನಿಗೆ. ಇದು? ಕೋವಿಗೆ. ಇದು? ಅವರು ನಮ್ಮ ಹಳೆಯ ನಾಯಿಯ ಹೆಸರನ್ನೇ ಹೇಳಿದರು. ಆ ರೊಟ್ಟಿಯ ತುಂಡನ್ನು ಯಂತ್ರದ ಪಕ್ಕ ಇಟ್ಟೆ. ಮರಳುವಾಗ ಅದು ಒಂದೂ ಹೆಜ್ಜೆ ತಪ್ಪಿಸದೆ ನಮ್ಮನ್ನು ಕಾರಿಗೆ ಮುಟ್ಟಿಸಿತು.

ಯಂತ್ರ ಸರಿ, ಕಲ್ಲಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಕೆಲವು ದಿನ ಮನೆಯಲ್ಲಿ ನಕ್ಷೆಯ ಅಂಚಿನ ಸಣ್ಣಕ್ಷರಗಳನ್ನು ಭೂತಗನ್ನಡಿಯಲ್ಲಿ ಓದುತ್ತ ಕೂತೆ. ಹಳೆಯ ಸರ್ವೆಯವರು ಭೂಮಿಯನ್ನು ಅಳೆದ ಲೆಕ್ಕ ಒಂದು, ಉಪಗ್ರಹದ ಲೆಕ್ಕ ಇನ್ನೊಂದು. ಯಂತ್ರದೊಳಗೆ ಹಳೆಯ ಲೆಕ್ಕದ ಹೆಸರೂ ಇತ್ತು, ನಾನು ಆರಿಸಿರಲಿಲ್ಲ. ಆರಿಸಿ ಅದೇ ಅಂಕಿಗಳನ್ನು ಮತ್ತೆ ಒತ್ತಿದಾಗ ಗುರುತು ದಕ್ಷಿಣಕ್ಕೆ ಸರಿಯಿತು. ನಾವು ನಿಂತಲ್ಲಿಂದ ಒಂದು ಕೂಗಳತೆ.

ಮರುದಿನ ಬೆಳಿಗ್ಗೆಯೇ ಪಂಗಾನಿಗೆ ಓಡಿದೆ. ಕಲ್ಲಿನ ಜಾಗ ಸಿಕ್ಕಿತೆಂದು ಭಾವನಿಗೆ ಹೇಳಿದೆ. ಬೆಟ್ಟದಿಂದ ಬಂದ ರಾತ್ರಿಯೇ ಅವರಿಗೆ ಉಸಿರು ಕಟ್ಟಿತ್ತು. ಇನ್ನು ಆ ಎತ್ತರ ಬೇಡವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ನೀನಾದ್ರೂ ಹೋಗಿ ನೋಡಿ ಬಾ," ಎಂದರು ಅವರು.

"ನೀವಿಲ್ಲದೆ ನಾನು ಯಾಕೆ ಹೋಗ್ಲಿ?"

"ಹಾಗಾದ್ರೆ ಯಾವ ಕಡೆ ಉಂಟು, ತೋರಿಸು."

ಆ ಯಂತ್ರದ ಬಾಣ ನಿಂತಲ್ಲಿ ದಿಕ್ಕು ಹೇಳದು. ನಡೆದರೆ ಮಾತ್ರ ತಿರುಗುತ್ತದೆ. ಬಟ್ಟೆ ಒಣಹಾಕಿದ ತಾರಸಿಯ ಮೇಲೆ ಭಾವನ ಕೈ ಹಿಡಿದು ಆ ತುದಿಯಿಂದ ಈ ತುದಿಗೆ ನಡೆದೆ. ಬಾಣ ಬೆಟ್ಟದ ಕಡೆ, ಉತ್ತರಕ್ಕೆ ನಿಂತಿತು. ಬೆತ್ತದ ಕುರ್ಚಿಯನ್ನು ಆ ಕಡೆಗೆ ತಿರುಗಿಸಿ ಅವರನ್ನು ಕೂರಿಸಿದೆ.

ಆಮೇಲೆ ಅವರ ಸಂಜೆಗಳೆಲ್ಲ ಅಲ್ಲೇ. ಒಂದು ದಿನ ಕೆಲಸದಾಕೆ ತಾರಸಿ ತೊಳೆದು ಕುರ್ಚಿಯನ್ನು ಹೇಗೋ ಇಟ್ಟಿದ್ದಳು. ನನಗೆ ಅದು ತಿಳಿಯಲಿಲ್ಲ. ಭಾವ ಕೂತವರೇ ಮುಖ ಆಚೀಚೆ ಆಡಿಸಿದರು.

"ಬಿಸಿಲು ಎಡಗೆನ್ನೆಗೆ ಬೀಳ್ತಾ ಇಲ್ಲ ಮಾರಾಯ. ಸ್ವಲ್ಪ ತಿರುಗಿಸು."