ಸರ್ ತಮ್ಮ ಮೇಲೆ ಹಾಕಿಕೊಂಡ ಮಾತು

ನಮಗೆ ಕಬಡ್ಡಿ ಕಲಿಸಿದ ಸರ್ ಅವರ ಬಲಗೈ ಹೆಬ್ಬೆರಳು ಹೊರಗೆ ತಿರುಗಿತ್ತು. ಯಾವುದೋ ಹಳೆಯ ಪಂದ್ಯದಲ್ಲಿ ಮುರಿದು, ಹಾಗೆಯೇ ಕೂಡಿಕೊಂಡ ಬೆರಳು. ಆ ಶನಿವಾರ ಸಂಜೆಯೂ ತಾಂಡೂರಿನ ನಮ್ಮ ಮೈದಾನದಲ್ಲಿ ಆ ಬೆರಳಿನ ಸಂದಿಯಿಂದಲೇ ಪುಡಿ ಬಿಡುತ್ತ ಕಬಡ್ಡಿ ಅಂಕಣದ ಗೆರೆ ಎಳೆದರು. ಸುಣ್ಣವಲ್ಲ; ಕಲ್ಲು ಪಾಲಿಶ್ ಮಾಡುವಲ್ಲಿಂದ ಚೀಲದಲ್ಲಿ ತಂದ ಬೂದು ಪುಡಿ. "ಸುಣ್ಣ ಕಣ್ಣಿಗಿ ಬಿದ್ರ ಉರೀತದ. ಇದು ಬಿದ್ರ ಒಂದ್ ಹನಿ ನೀರ್ ಬರ್ತದ, ಅಷ್ಟೇ," ಎನ್ನುತ್ತಿದ್ದರು. ಅವರೂ ನಾನೂ ಸೇರಿ ಹುಡುಗಿಯರನ್ನು ಆಡಿಸಿದೆವು. ಹೋಗುವಾಗ "ನಾಳಿ ಲಗೂ ಬಾರವ್ವ" ಎಂದರು. ಮರುದಿನ ಬೆಳಿಗ್ಗೆ ಅವರ ಎದೆಬಡಿತ ನಿಂತಿತು.

ಅಂದಿನಿಂದ ನನಗೆ ಒಂದೆಡೆ ಕೂಡಲಾಗುತ್ತಿಲ್ಲ. ಬರೆಯಲು ಕೂತವಳು ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಬರೆಯಬೇಕಾದದ್ದು ಒಂದೇ ಸಂಗತಿ.

ಹನ್ನೊಂದು ವರ್ಷದ ಹಿಂದೆ ನಾನು ಕಾಲೇಜಿನಲ್ಲಿದ್ದೆ. ಒಂದು ಪಂದ್ಯದಲ್ಲಿ ನಾಲ್ವರು ಮೇಲೆ ಬಿದ್ದು ನನ್ನ ಭುಜದ ಎಲುಬು ಮುರಿಯಿತು. ಎಲುಬು ಕೂಡಿತು. ಆದರೆ ರೇಡಿಗೆ ಹೋಗಿ ನಡುಗೆರೆ ದಾಟಿದೊಡನೆ "ಕಬಡ್ಡಿ" ಎಂಬ ಮಾತು ಗಂಟಲಲ್ಲೇ ಕಟ್ಟುತ್ತಿತ್ತು. ದಮ್, ಅಂದರೆ ಒಂದೇ ಉಸಿರಿನ ಆ ಕೂಗು, ಕಡಿದರೆ ರೇಡರ್ ಔಟ್. ಯಾರೂ ಮುಟ್ಟದೆಯೇ ನಾನು ಔಟಾಗುತ್ತಿದ್ದೆ. ಎದುರು ತಂಡದವರು ಸುಮ್ಮನೆ ನಿಂತು ನಗುತ್ತಿದ್ದರು. ಅವ್ವ ದೃಷ್ಟಿ ತೆಗೆದಳು, ದರ್ಗಾದಲ್ಲಿ ತಾಯಿತ ಕಟ್ಟಿಸಿದಳು. ಜಿಲ್ಲಾ ತಂಡದ ಆಯ್ಕೆಗೆ ಎರಡೇ ತಿಂಗಳಿತ್ತು.

"ಜಹೀರಾಬಾದಿನಾಗ ಒಬ್ಬ ಡಾಕ್ಟರಮ್ಮ ಅದಾರ. ಆಡೋರ ಮನಸಿಗಿ ತಾಲೀಮ್ ಕೊಡ್ತಾರ," ಎಂದರು ಸರ್.

"ನಂಗೇನ್ ಹುಚ್ಚ್ ಹಿಡದದೇನ್ರಿ ಸರ್?"

"ಭುಜ ಮುರದಾಗ ಪಟ್ಟಿ ಕಟ್ಟಿಸ್ಕೊಂಡಿ. ಆವಾಗ ನಾಚ್ಕಿ ಬಂದಿತ್ತೇನ?"

ನಾಚಿಕೆಗಿಂತ ಭಯ ದೊಡ್ಡದಿತ್ತು. ಆ ವರ್ಷ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಬೇರೆ ಊರು, ಗುರುತಿನವರಿಲ್ಲ ಎಂಬ ಧೈರ್ಯದ ಮೇಲೆ ಅಪ್ಪ, ಸರ್, ನಾನು ಮೂವರೂ ಬಸ್ ಹತ್ತಿದೆವು. ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಉಸಿರು ಎಣಿಸಲು ಕಲಿಸಿದರು, ಬಿದ್ದ ಆ ಗಳಿಗೆಯನ್ನು ನನ್ನ ಬಾಯಿಂದಲೇ ಹೇಳಿಸಿದರು. ಮೂರನೆಯ ಸಲ ಹೋದಾಗ ಮೆಟ್ಟಿಲ ಬಳಿ, ನಾನು ಅತ್ತಿ ಎಂದು ಕರೆಯುವ ನಮ್ಮ ಓಣಿಯ ಹಿರಿಯಾಕೆ ಎದುರಾದರು. ಕೆಳಗಿನ ಹಲ್ಲಿನ ದವಾಖಾನೆಗೆ ಬಂದಿದ್ದರಂತೆ. ದವಡೆ ಬಾತಿದ್ದರೂ ಕಣ್ಣು ಚುರುಕಾಗಿಯೇ ಇದ್ದವು. ಮನಸ್ಸಿನ ಡಾಕ್ಟರು ಎಂಬ ಮೇಲಿನ ಬೋರ್ಡು ಓದಿದರು. ನನ್ನನ್ನು ನೋಡಿದರು.

"ಯಾರಿಗಿ ತೋರ್ಸಾಕ ಬಂದೀರಿ?"

ನಾನು ಅಪ್ಪನ ಹಿಂದೆ ಸರಿದೆ. ಸರ್ ತಡಮಾಡಲಿಲ್ಲ.

"ನಂಗ್ರಿ ಅಕ್ಕಾ. ನಿದ್ದಿ ಬರಂಗಿಲ್ಲ, ದಿಮಾಕ್ ಪರೇಶಾನ್ ಆಗ್ಯದ. ಜೊತಿಗಿರಲಿ ಅಂತ ಈ ಅಣ್ಣನ್ನ ಕರ್ಕೊಂಡ್ ಬಂದೀನಿ. ಈಕಿ ಪ್ಯಾಟಿ ನೋಡಾಕ ಬೆನ್ನ ಹತ್ಯಾಳ."

ಅಪ್ಪ ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು.

ನಾವು ಊರು ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. "ತಲಿ ಕೆಟ್ಟ ಮಾಸ್ತರನ ಕಡಿ ಹೆಣ್ಮಕ್ಕಳನ್ನ ಹ್ಯಾಂಗ ಕಳಸೋದು?" ಎಂದು ಐವರು ಹುಡುಗಿಯರನ್ನು ಮನೆಯವರು ಆಟದಿಂದ ಬಿಡಿಸಿದರು. ಒಬ್ಬಳ ತಂದೆ ಮೈದಾನಕ್ಕೇ ಬಂದು ಕೇಳಿದಾಗ ಸರ್ ನಕ್ಕರು. "ಹೌದ್ರಿ, ಹೋಗ್ತೀನಿ. ಇನ್ನ ಮ್ಯಾಲೂ ಹೋಗ್ತೀನಿ. ನೀವು ಬಿ.ಪಿ. ಗುಳಿಗಿ ತಗೋಳಂಗಿಲ್ಲೇನು?" ನಾನು ಅಲ್ಲೇ ಮೊಣಕಾಲಿನ ಪಟ್ಟಿ ಬಿಗಿಯುತ್ತ ಕೂತಿದ್ದೆ. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದೆ.

ಆಯ್ಕೆಯ ದಿನ ನನ್ನ ದಮ್ ಕಡಿಯಲಿಲ್ಲ. ತಂಡದಲ್ಲಿ ಹೆಸರು ಬಂತು. ಮುಂದಿನ ವರ್ಷ ಹಾಸ್ಟೆಲಿನಲ್ಲಿದ್ದ ಮನೂರಿನ ಹುಡುಗಿಯೊಬ್ಬಳು ತಾನಾಗಿಯೇ ಬಂದು, "ಸರ್, ನೀವು ಹೋಗ್ತೀರಲ್ರಿ, ಆ ಡಾಕ್ಟರಮ್ಮನ ಕಡಿ ನಂಗೂ ಕರ್ಕೊಂಡ್ ಹೋಗ್ರಿ" ಎಂದಳು. ಅವಳ ಹಿಂದೆ ಇನ್ನಿಬ್ಬರು. ಬಿಟ್ಟುಹೋಗಿದ್ದವರಲ್ಲೂ ಮೂವರು ಮರಳಿದರು. ಈಗ ನಾರಾಯಣಖೇಡಕ್ಕೆ ಪಂದ್ಯಕ್ಕೆ ಹೊರಡುವ ಮೊದಲು ನಮ್ಮ ಹುಡುಗಿಯರು ಡಾಕ್ಟರಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಾರೆ, ಎಲ್ಲರ ಎದುರಿಗೇ. ಸರ್ ಕೂಡ ಹೋಗುತ್ತಾರೆ ಎಂಬ ಒಂದೇ ಮಾತಿನಿಂದ ಅವರಿಗೆ ಬಂದ ಧೈರ್ಯ ಅದು.

ನಿಜ ಹೇಳುವ ಧೈರ್ಯ ನನಗೆ ಮಾತ್ರ ಬರಲಿಲ್ಲ. ಮದುವೆಯಾಯಿತು, ಮಕ್ಕಳಾದರು, ಅದೇ ಮೈದಾನದಲ್ಲಿ ಸರ್ ಜೊತೆ ಆಟ ಕಲಿಸತೊಡಗಿದೆ. ಒಮ್ಮೆ ಕೇಳಿದೆ: "ಸರ್, ಈಗರ ಹೇಳ್ಲೇನ್ರಿ?"

"ನಿನ್ನ ದಮ್ ನಿನಗ ಗೊತ್ತು," ಎಂದಷ್ಟೇ ಅಂದರು. ಬೇಡ ಅನ್ನಲಿಲ್ಲ. ನಾನು ಬೇಡ ಎಂದೇ ತಿಳಿದುಕೊಂಡೆ.

ಅವರು ಹೋದ ಮೂರನೆಯ ದಿನ ಅವರ ಹೆಂಡತಿಯ ಎದುರು ಕೂತು ಎಲ್ಲ ಹೇಳಿದೆ. 

"ನಾನೂ ಅದು ಖರೇ ಅಂದ್ಕೊಂಡಿದ್ದೆ ನೋಡವ್ವ. ಕೇಳಿದ್ರ, ನಂಗೇನೂ ಆಗಿಲ್ಲ ಅಂತಿದ್ರು. ಬ್ಯಾನಿ ಇದ್ದೋರು ಹಂಗೇ ಅಂತಾರ ಅಂತ ನಂಬಲಿಲ್ಲ. ಅವ್ರು ಒಂದೀಟು ಸುಮ್ಮ ಕುಂತ್ರೂ ನನ್ನ ಎದಿ ಡವಡವ ಅಂತಿತ್ತು. ಹನ್ನೊಂದು ವರ್ಷ."

ಅವರು ಬೈಯಲಿಲ್ಲ. ಎದ್ದು ಒಳಗೆ ಹೋದರು.

ಮರುದಿನ ಮೈದಾನದಲ್ಲಿ ಹುಡುಗಿಯರಿಗೆ ಹೇಳಿದೆ. ಓಣಿಯಲ್ಲಿ ಅತ್ತಿಗೂ ಹೇಳಿದೆ. ಈಗ ಊರಿಗೆಲ್ಲ ಗೊತ್ತಿದೆ. ಸರ್ ಇದ್ದಾಗ, ಅವರ ಎದುರಿಗೆ, "ಹೋಗಿದ್ದು ನಾನು" ಎಂದು ನಾನು ಹೇಳಿದ ಒಂದು ದಿನವೂ ಇಲ್ಲ.