ಮುಂದಿನ ಸಾಲಿನ ಟೊಮೆಟೊ ಸಸಿಗಳು

ನರ್ಸರಿಯ ಯಜಮಾನರನ್ನು ಬೀದಿಯವರೆಲ್ಲ ಡಾಕ್ಟರು ಎನ್ನುತ್ತಿದ್ದರು. ಓದಿ ಪಡೆದದ್ದಲ್ಲ; ಇಪ್ಪತ್ತೆರಡು ವರ್ಷ ಊರವರ ಬಾಡಿದ ಗಿಡಗಳನ್ನು ನೋಡಿ ನೋಡಿ ಅಂಟಿಕೊಂಡದ್ದು. ಅಂಟಿಕೊಂಡ ಮೇಲೆ ಅವರೂ ಒರೆಸಿಕೊಳ್ಳಲು ಹೋಗಿರಲಿಲ್ಲ. ಯಾರಾದರೂ ಟೊಮೆಟೊ ಸಸಿ ತಂದರೆ ಜೇಬಿನಿಂದ ಕಪ್ಪು ದಾರ ಕಟ್ಟಿದ ಭೂತಗನ್ನಡಿ ತೆಗೆದು, ಕಾಂಡವನ್ನು ಬುಡದಿಂದ ತುದಿಯವರೆಗೆ ನೋಡಿ "ಹೂಂ" ಎನ್ನುವರು. ಆ ಹೂಂಗೇ ಅರ್ಧ ರೋಗ ಇಳಿಯುತ್ತದೆಂದು ಅವರ ನಂಬಿಕೆ.

ಒಂದೂವರೆ ತಿಂಗಳಿಂದ ಹೂಂ ಕೇಳುವವರು ಕಡಿಮೆಯಾಗಿದ್ದರು. ಎದುರು ಅಂಗಡಿಯ ಟೈಲರಮ್ಮ ಮೆಟ್ಟಿಲ ಮೇಲೆ ಹಳೆಯ ಬಣ್ಣದ ಡಬ್ಬಿಗಳಲ್ಲಿ ಟೊಮೆಟೊ ಬೆಳೆಸಿದ್ದಳು. ಒಂದೊಂದು ಕಾಂಡವೂ ಹೆಬ್ಬೆರಳು ಗಾತ್ರ. ಬಟ್ಟೆ ಹೊಲಿಸಲು ಬಂದವರು ಅದನ್ನು ಕಂಡು ಮರುದಿನ ತಮ್ಮ ಸೊರಗಿದ ಸಸಿಗಳನ್ನೂ ಹೊತ್ತು ತಂದರು. ಆಕೆ ಕತ್ತರಿ ಕೆಳಗಿಟ್ಟು, ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು, "ಕತ್ತಲಲ್ಲಿ ಇಟ್ಟಿದೀರಲ್ಲ? ಬೆಳಕು ಹುಡುಕ್ಕೊಂಡು ಉದ್ದಕ್ಕೆ ಓಡಿದೆ. ಬಿಸಿಲಿಗಿಡಿ" ಎಂದು ಕಳಿಸಿಬಿಡುವಳು. ಭೂತಗನ್ನಡಿಯಿಲ್ಲ, ಹೂಂ ಇಲ್ಲ.

ಡಾಕ್ಟರ ಹೊಟ್ಟೆಗೆ ಬೆಂಕಿ ಬಿತ್ತು.

"ಗುಂಡಿ ಹಚ್ಚೋರೆಲ್ಲ ಗಿಡ ನೋಡೋಕೆ ಕೂತ್ರೆ ನಾನು ಸೂಜಿ ದಾರ ಹಿಡೀಬೇಕಾಗುತ್ತೆ."

"ಹಿಡೀರಿ. ನಿಮ್ಮ ಅಂಗಿಗೇ ಎರಡು ಗುಂಡಿ ಇಲ್ಲ" ಎಂದಳು ಹೆಂಡತಿ.

ಸಂಜೆಯಾದರೆ ನೀರಿನ ಝಾರಿ ಹಿಡಿದು ರಸ್ತೆ ಬದಿಯ ಟ್ರೇಗಳ ಬಳಿ ನಿಲ್ಲುವುದು ಅವರ ಹೊಸ ಅಭ್ಯಾಸವಾಯಿತು. ಕೈ ನೀರು ಹಾಕುತ್ತಿತ್ತು, ಕಣ್ಣು ಎದುರಿನ ಮೆಟ್ಟಿಲ ಮೇಲಿನವರನ್ನು ಎಣಿಸುತ್ತಿತ್ತು. ಇವತ್ತು ಐದು ಜನ. ಅದರಲ್ಲಿಬ್ಬರು ತನ್ನ ಹಳೇ ಗಿರಾಕಿಗಳು, ಲಜ್ಜೆಗೆಟ್ಟವರು.

ಹೀಗಿರುವಾಗ ರಸ್ತೆ ಬದಿಯ ಆ ಮುಂದಿನ ಸಾಲಿನ ಸಸಿಗಳು ಒಂದೊಂದಾಗಿ ಮಲಗತೊಡಗಿದವು. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದುಬಣ್ಣಕ್ಕೆ ತಿರುಗಿ, ದಾರ ಬಿಗಿದಂತೆ ಸಣ್ಣಗಾಗಿತ್ತು. ಅವು ಶಾಲೆಯ ತೋಟಕ್ಕೆ ಕೊಡಲು ಒಪ್ಪಿಕೊಂಡಿದ್ದ ಸಸಿಗಳು. ನೋಡಲು ಬಂದ ಹೆಡ್‌ಮಿಸ್ಸು, "ಶುಕ್ರವಾರದೊಳಗೆ ಸರಿಹೋಗದಿದ್ರೆ ಹೇಳಿ, ಟೈಲರಮ್ಮನ್ನೇ ಕೇಳ್ತೀನಿ" ಎಂದು ಹೋದರು.

ಡಾಕ್ಟರು ಭೂತಗನ್ನಡಿಯಲ್ಲಿ ನೋಡಿ "ಬೀಜದ ದೋಷ" ಎಂದು ತೀರ್ಪು ಕೊಟ್ಟರು. ಅದೇ ಪೊಟ್ಟಣದ ಬೀಜ ಹಿಂದಿನ ಸಾಲಿನಲ್ಲಿ ಎದೆಯುಬ್ಬಿಸಿ ನಿಂತಿತ್ತು. ಔಷಧಿ ಪುಡಿ ಉದುರಿಸಿದರು. ಮತ್ತೆ ಹತ್ತು ಮಲಗಿದವು. ಗುರುವಾರ ಒಂದು ಸಸಿಯನ್ನು ಊಟದ ಡಬ್ಬಿಯಲ್ಲಿಟ್ಟು, ಟೈಲರಮ್ಮನಿಗೆ ತೋರಿಸಿ ಬರಲು ಹೆಂಡತಿಯ ಕೈಗೆ ಕೊಟ್ಟರು.

"ನಿಮ್ಮ ಅಕ್ಕನ ಮನೇದು ಅನ್ನು. ನನ್ನ ಹೆಸರೆತ್ತಬೇಡ."

ಹೋದಷ್ಟೇ ಬೇಗ ವಾಪಸು ಬಂದಳು.

"ಅಕ್ಕನ ಮನೇದು ಅಂದೆ. 'ನಿಮ್ಮ ಮುಂದಿನ ಸಾಲಿಂದು ತಾನೆ?' ಅಂತ ನಕ್ಕಳು."

"ಅವಳಿಗೆ ಹೇಗೆ ಗೊತ್ತು?"

"'ದಿನಾ ಸಂಜೆ ಅಣ್ಣ ನಮ್ಮ ಮೆಟ್ಟಿಲು ನೋಡ್ತಾ ಅದೇ ಟ್ರೇಗೆ ಮೂರು ಮೂರು ಝಾರಿ ಸುರೀತಾರೆ. ಬೆಳಗಾಗೋವರೆಗೂ ಒದ್ದೆಯಲ್ಲಿ ನಿಂತ್ರೆ ಎಳೇ ಕಾಂಡ ಕೊಳೀದೆ ಏನು ಮಾಡುತ್ತೆ? ಮೇಲಿನ ಮಣ್ಣು ಒಣಗಿದ ಮೇಲೆ, ಬೆಳಗ್ಗೆ ಹೊತ್ತು ನೀರು ಹಾಕೋಕೆ ಹೇಳಿ. ನಮ್ಮನ್ನ ನೋಡೋದಾದ್ರೆ ಕುರ್ಚಿ ಹಾಕ್ಕೊಂಡು ನೋಡ್ಲಿ' ಅಂದ್ಲು."

ಡಾಕ್ಟರು ಅವತ್ತು ಊಟ ಸೇರಲಿಲ್ಲ ಎಂದರು. ಎರಡನೇ ಸಲ ಬಡಿಸಿಕೊಂಡ ಮೇಲೆ.

ಶುಕ್ರವಾರ ಬೆಳಗ್ಗೆ ಹೆಡ್‌ಮಿಸ್ಸು ಬರುವಷ್ಟರಲ್ಲಿ ಹಿಂದಿನ ಸಾಲಿನ ಸಸಿಗಳು ಪೆಟ್ಟಿಗೆಗಳಲ್ಲಿ ಸಿದ್ಧವಾಗಿದ್ದವು.

"ಇವು ಚೆನ್ನಾಗಿವೆ. ಅವಕ್ಕೇನಾಗಿತ್ತು?"

ಡಾಕ್ಟರು ಅಭ್ಯಾಸಬಲದಿಂದ ಭೂತಗನ್ನಡಿ ತೆಗೆದರು. ಎದುರಿಗೆ ಕತ್ತರಿಯ ಸದ್ದು ನಿಂತಿತ್ತು. ಹೂಂ ಎನ್ನದೆ ಅದನ್ನು ಮತ್ತೆ ಜೇಬಿಗೆ ಹಾಕಿದರು.

"ನೀರು ಜಾಸ್ತಿಯಾಗಿತ್ತು. ನಾನೇ ಹಾಕಿದ್ದು. ಕಂಡುಹಿಡಿದೋರು ಟೈಲರಮ್ಮ."

ಕೊನೆಯ ಮಾತನ್ನು ಮಾತ್ರ ರಸ್ತೆ ದಾಟದಷ್ಟು ಮೆಲ್ಲಗೆ ಹೇಳಿದರು.

ಸಂಜೆ ಝಾರಿ ಒಳಗಿಟ್ಟು ಕುರ್ಚಿ ಹೊರಗೆ ಹಾಕಿದರು. ಎದುರಿಗೆ ಏಳು ಜನ.