ಅಂಜಿನಮ್ಮನವರ ಹನ್ನೊಂದು ಕರೆಗಳು

ತಿಂಗಳಿಗೊಮ್ಮೆ ಆಗಬೇಕಿದ್ದ ನೀರಿನ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಸಾಕು ಎಂದು ಚೌಕಾಸಿ ಮಾಡಿ ನಾನು ಉಳಿಸಿದ್ದು ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಆ ಉಳಿತಾಯದ ಬೆಲೆ ತೆತ್ತವರು ಪಾವಗಡ ಕಡೆಯ ಒಬ್ಬ ಬಿಸಿಯೂಟದ ಅಡುಗೆಯವರು, ಮತ್ತು ಎರಡು ತಿಂಗಳು ಕೆಟ್ಟ ನೀರು ಕುಡಿದ ಮಕ್ಕಳು.

ಕೋವಿಡ್ ಕಳೆದು ಶಾಲೆಗಳು ತೆರೆದ ಮರುವರ್ಷ ನಾನು ಮಧುಗಿರಿಯಲ್ಲಿ ಒಂದು ದತ್ತಿ ಪ್ರತಿಷ್ಠಾನದ ಖರೀದಿ ವ್ಯವಸ್ಥಾಪಕನಾಗಿದ್ದೆ. ಅದಕ್ಕೆ ಮೊದಲು ಶಿರಾದಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುತ್ತಿದ್ದವನು. ಓದಿದ್ದು ಹತ್ತನೇ ತರಗತಿ. ಬೆಲೆ ಇಳಿಸುವುದನ್ನು ಮಾತ್ರ ಯಾರಿಂದಲೂ ಕಲಿಯಬೇಕಿರಲಿಲ್ಲ. ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿಯ ನಲವತ್ತು ಶಾಲೆಗಳಲ್ಲಿ ನಮ್ಮ ಶುದ್ಧ ನೀರಿನ ಘಟಕಗಳಿದ್ದವು. ಕೊಳವೆಬಾವಿಯ ಫ್ಲೋರೈಡನ್ನೂ ಲವಣವನ್ನೂ ತಡೆಯುವುದು ಅವುಗಳೊಳಗಿನ ಮೆಂಬರೇನ್ ಎಂಬ ತೆಳುಪದರ. ಕಚೇರಿಯ ಪರದೆಯಲ್ಲಿ ಪ್ರತಿ ಶಾಲೆಗೂ ಒಂದು ದೀಪ. ಮೋಟಾರ್ ಓಡಿದರೆ ಅದು ಹಸಿರು.

ಜನರ ಅಭಿಪ್ರಾಯ ತಿಳಿಯಲು ಘಟಕದ ಗೋಡೆಯ ಮೇಲೆ ಒಂದು ಫೋನ್ ನಂಬರ್ ಬರೆಸಿದ್ದೆವು. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬರುತ್ತಿತ್ತು. ನೀರು ಸರಿಯಿದ್ದರೆ ಒಂದು, ಇಲ್ಲದಿದ್ದರೆ ಎರಡು ಒತ್ತಬೇಕು. ಒಂದು ದಿನ ಕಚೇರಿಯ ಡೇಟಾ ನೋಡಿಕೊಳ್ಳುತ್ತಿದ್ದ ಶೈಲಜಾ, “ಸಾರ್, ಒಂದೇ ನಂಬರಿಂದ ಹನ್ನೊಂದು ಸಲ ಎರಡು ಒತ್ತಿದ್ದಾರೆ” ಎಂದಳು.

“ಯಾರೋ ಜಗಳಗಂಟರು ಕಣಮ್ಮ. ಒಂದು ಇಟ್ಕೊಂಡು ಉಳಿದಿದ್ದು ತೆಗೆದುಬಿಡು” ಎಂದೆ. ಹತ್ತು ಕರೆ ಅಳಿಸಿಹೋದವು. ಉಳಿದ ಒಂದು ದೂರು ವರದಿಯಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಕೆಲವು ದಿನಗಳ ನಂತರ ದಾನಿಗಳಿಗೆ ಕಳಿಸುವ ಫೋಟೊ ತೆಗೆಯಲು ಬಲಸಮುದ್ರದ ಆಚೆಯ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿ ಶಾಲಾ ಸಮಿತಿಯ ಸಭೆ ನಡೆಯುತ್ತಿತ್ತು. ಅಡುಗೆಯ ಅಂಜಿನಮ್ಮ ಗ್ಯಾಸ್ ಕದಿಯುತ್ತಾರೆ, ಹದಿನಾಲ್ಕು ದಿನ ಬರುತ್ತಿದ್ದ ಸಿಲಿಂಡರ್ ಎಂಟು ದಿನಕ್ಕೆ ಮುಗಿಯುತ್ತಿದೆ, ಇವತ್ತೇ ಕೆಲಸದಿಂದ ತೆಗೆಯಬೇಕು ಎಂಬುದೇ ವಿಷಯ.

“ಸೆರಗಲ್ಲಿ ಕಟ್ಕೊಂಡ್ ಹೋಗಕ್ಕೆ ಗ್ಯಾಸೇನು ಬೇಳೆನಾ ಸಾರ್?” ಎನ್ನುತ್ತಿದ್ದರು ಅಂಜಿನಮ್ಮ.

“ಅಂಗಾದ್ರೆ ಎಲ್ಲಿಗೋಯ್ತು, ನೀನೇ ಹೇಳಮ್ಮ” ಎಂದರು ಸಮಿತಿಯ ಅಧ್ಯಕ್ಷರು.

ಆಕೆ ನನ್ನತ್ತ ತಿರುಗಿದರು. “ಇವ್ರ ನೀರು ತಿಂತು. ಬೇಳೆ ಬೇಯ್ತಾನೇ ಇಲ್ಲ. ಹನ್ನೊಂದ್ ಸಲ ಒತ್ತಿದೆ. ಒಬ್ರಾದ್ರೂ ಬಂದ್ರಾ?”

ಹನ್ನೊಂದು ಎಂದ ಕೂಡಲೇ, ನಾನು ಅಳಿಸಲು ಹೇಳಿದ ಕರೆಗಳು ಇವರವೇ ಎಂದು ಗೊತ್ತಾಯಿತು.

ಅಂಜಿನಮ್ಮ ನಮ್ಮನ್ನು ಅಡುಗೆಕೋಣೆಯ ಬಾಗಿಲ ಹಿಂದೆ ಕರೆದೊಯ್ದು ಗೋಡೆ ತೋರಿಸಿದರು. ಸೀಮೆಸುಣ್ಣದ ಗೆರೆಗಳು, ದಿನಕ್ಕೊಂದು ಗೆರೆ, ಸಿಲಿಂಡರಿಗೊಂದು ಸಾಲು. ಮೇಲಿನ ಸಾಲುಗಳಲ್ಲಿ ಹದಿನಾಲ್ಕು, ಹದಿನೈದು. ಕೆಳಗೆ ಹನ್ನೆರಡು, ಒಂಬತ್ತು, ಆಮೇಲೆ ನಾಲ್ಕು ಸಾಲು ಎಂಟೆಂಟೇ. ಹನ್ನೆರಡರ ಸಾಲಿನ ಏಳನೇ ಗೆರೆಗೆ ಒಂದು ಅಡ್ಡಗೀಟು ಇತ್ತು.

“ನಂಗೆ ಬರೆಯಕ್ಕೆ ಬರಲ್ಲ ಸಾರ್. ಬೇಳೆ ಮೊದಲ್ನೇ ಸಲ ಕೈ ಕೊಟ್ಟಿದ್ದು ಇವತ್ತು ಅಂತ ಗುರ್ತು ಆಕ್ದೆ” ಎಂದರು.

ಕಾರಿನಲ್ಲಿದ್ದ ಟಿಡಿಎಸ್ ಮೀಟರ್ ತಂದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಷ್ಟಿರುವ ಉಪಕರಣ ಅದು. ಎಂಬತ್ತರ ಆಸುಪಾಸಿನಲ್ಲಿ ಇರಬೇಕಾದದ್ದು ಒಂಬೈನೂರ ಹತ್ತು ತೋರಿಸಿತು. ಬೇಳೆ ಬೇಯಿಸದ ಕೊಳವೆಬಾವಿಯ ಗಡಸು ನೀರು ಶುದ್ಧವಾಗದೆ ಹಾಗೆಯೇ ಮಕ್ಕಳ ಲೋಟಕ್ಕೆ ಹೋಗುತ್ತಿತ್ತು.

ಸಭೆಯಿಂದ ಜೊತೆಗೆ ಬಂದಿದ್ದ ಹೆಡ್‌ಮಾಸ್ಟರಿಗೆ ಇನ್ನೂ ಅನುಮಾನ. “ಗೋಡೆ ಮೇಲಿನ ಗೆರೆ ದಾಖಲೆ ಆಗುತ್ತಾ?” ಎಂದರು. “ನಿಮ್ಮ ಹಾಜರಿ ಪುಸ್ತಕ ತನ್ನಿ” ಎಂದೆ. ರಜೆಗಳನ್ನು ಬಿಟ್ಟು ಹಿಂದಕ್ಕೆ ಎಣಿಸಿ ಆ ಅಡ್ಡಗೀಟಿನ ತಾರೀಖನ್ನು ಅವರೇ ಹಿಡಿದರು. ಶೈಲಜಾಳಿಗೆ ಫೋನ್ ಮಾಡಿ ಆ ದಿನದ ಯಂತ್ರದ ಒತ್ತಡ ನೋಡಲು ಹೇಳಿದೆ. ಘಟಕ ನಮ್ಮ ಸರ್ವರಿಗೆ ಕಳಿಸುತ್ತಿದ್ದ, ಯಾರೂ ಎಂದೂ ತೆರೆದು ನೋಡದ ಅಂಕಿಗಳು ಅವು.

“ಸಾರ್, ಅದರ ಹಿಂದಿನ ಸಂಜೆ ಒತ್ತಡ ಒಂದೇ ಸಲಕ್ಕೆ ಬಿದ್ದಿದೆ. ಮೆಂಬರೇನ್ ಹರಿದಿರಬೇಕು” ಎಂದಳು.

ಸಂಜೆ ಹರಿದದ್ದನ್ನು ಮರುದಿನ ಮಧ್ಯಾಹ್ನದ ಹೊತ್ತಿಗೆ ಈ ಹೆಂಗಸು ಗುರುತಿಸಿದ್ದರು. ನಮ್ಮ ಸರ್ವರ್, ನಮ್ಮ ಹಸಿರು ದೀಪ, ನನ್ನ ಮೂರು ತಿಂಗಳ ಪರೀಕ್ಷೆ, ಯಾವುದಕ್ಕೂ ಆಗದ್ದು ಅವರ ಸೌಟಿಗೆ ಆಗಿತ್ತು. ನಲವತ್ತು ಘಟಕ ಕೊಂಡವನು ನಾನು. ಇಂಥ ನಿಖರವಾದ ಮೀಟರನ್ನು ಯಾವ ಕಂಪನಿಯೂ ನನಗೆ ಮಾರಿರಲಿಲ್ಲ.

ನಲ್ಲಿ ಮುಚ್ಚಿಸಿ, ತಪ್ಪು ನಮ್ಮದೆಂದು ಅಲ್ಲೇ ಬರೆದು ಸಹಿ ಹಾಕಿದೆ. ಹೆಡ್‌ಮಾಸ್ಟರ್ ಅದನ್ನು ಸಭೆಗೆ ಗಟ್ಟಿಯಾಗಿ ಓದಿದರು. ಅಂಜಿನಮ್ಮನವರ ಕೆಲಸ ಉಳಿಯಿತು. ಹೊರಡುವಾಗ ಅವರು ಕೇಳಿದ್ದು ಒಂದೇ: “ನಾನ್ ಒತ್ತಿದ್ದು ಯಾಕ್ ಎಣಿಸ್ಲಿಲ್ಲ?”

ಈಗ ಇಂಥ ಕೆಲಸಕ್ಕೆ ಇಳಿಯುವವರಿಗೆ ಹೇಳುವುದಿಷ್ಟು. ಚೌಕಾಸಿ ಮಾಡಿ, ಬೋರ್ಡಿನ ಬಣ್ಣದಲ್ಲಿ ಮಾಡಿ, ಉದ್ಘಾಟನೆಯ ಶಾಮಿಯಾನದಲ್ಲಿ ಮಾಡಿ, ಪರೀಕ್ಷೆಯಲ್ಲಿ ಬೇಡ. ಒಬ್ಬರೇ ಮತ್ತೆ ಮತ್ತೆ ದೂರಿದರೆ ಮೊದಲು ಅವರ ಮನೆಗೇ ಹೋಗಿ. ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲು, “ಕೆಟ್ಟರೆ ನಿಮಗೆ ಹೆಂಗೆ ಗೊತ್ತಾಗುತ್ತೆ?” ಎಂದು ಬಳಸುವವರನ್ನು ಕೇಳಿ. ಅವರು ಹೇಳಿದ್ದರಿಂದ ಏನು ಬದಲಾಯಿತು ಎಂಬುದನ್ನು ಎದುರಿಗೆ ಹೋಗಿ ತಿಳಿಸಿ. ಖರ್ಚು ಬಸ್ ಚಾರ್ಜು ಅಷ್ಟೇ.